ತೊಡೆಗಲ್ಲು ಬೇಡವೆಂದವರು

ವಿಶ್ರಾಂತಿಯ ದಿನ ಬೇಡವೆಂದು ವಾದಿಸಿದವನು ನಾನೊಬ್ಬನೇ. ಸಮುದ್ರದವರೆಗೆ ಸೈಕಲ್ಲಿನಲ್ಲಿ ಹೋಗುವುದೆಂದು ಹೊರಟ ಮೇಲೆ ನಡುವೆ ಒಂದು ದಿನ ಸುಮ್ಮನೆ ಕೂಡುವುದೆಂದರೆ ಭಾಗಾಕಾರದ ನಡುವೆ ಬಳಪ ಕೆಳಗಿಟ್ಟು ಎದ್ದುಹೋದಂತೆ ಎಂದು ನಾನು ಹೇಳಿದೆ. ತಂಡದವರು ನನ್ನ ಮಾತನ್ನು ಗೌರವದಿಂದ ಕೇಳಿದರು. ಕೇಳಿ, ವಿಶ್ರಾಂತಿಯ ದಿನವನ್ನು ಗೊತ್ತುಮಾಡಿದರು. ಜೀವಮಾನವೆಲ್ಲ ಅಂಕಗಣಿತ ಕಲಿಸಿದವನಿಗೆ ಇಂಥ ಗೌರವ ಹೊಸದಲ್ಲ.

ತಂಡದ ಮುಖಂಡ ರಾಚಯ್ಯ ವೃತ್ತಿಯಿಂದ ದರ್ಜಿ. ಹೆಚ್ಚಾದದ್ದನ್ನು ಕತ್ತರಿಸುವುದು ಅವನ ಕೈಗೆ ಹತ್ತಿದ ಗುಣ. ಸೈಕಲ್ ಸವಾರನಿಗೆ ತೂಕವೇ ವೈರಿ ಎಂಬುದು ಅವನ ಸಿದ್ಧಾಂತ. ಹೊರಡುವ ಮುನ್ನ ನಮ್ಮೆಲ್ಲರ ಹಲ್ಲುಜ್ಜುವ ಬ್ರಷ್ಷುಗಳ ಹಿಡಿಕೆಯನ್ನು ಅವನು ಅರ್ಧಕ್ಕೆ ತುಂಡರಿಸಿದ್ದ. ಟವೆಲ್ಲುಗಳನ್ನು ಕಾಲುಭಾಗ ಮಾಡಿದ್ದ. ಅಂಗಿಗಳ ಕೆಳಗಿನ ಗುಂಡಿಗಳನ್ನು ಕಿತ್ತಿಟ್ಟುಕೊಂಡಿದ್ದ. ಸೈಕಲ್ಲಿನ ಮೇಲೆ ಟಪಾಲು ಹಂಚುತ್ತಲೇ ನಿವೃತ್ತರಾದ ಹುಸೇನಸಾಬರು ತಮ್ಮ ಹೊಟ್ಟೆಯನ್ನು ಮುಂದೆ ಮಾಡಿ, ಕತ್ತರಿ ಹೊರಗೆ ತೆಗೆದದ್ದೇ ಆದರೆ ಇದರಿಂದ ಶುರು ಮಾಡಬಹುದಿತ್ತಲ್ಲ ಎಂದು ಕೇಳಿದ್ದರು. ವ್ಯಾಯಾಮ ಶಿಕ್ಷಕಿ ಲೀನಾ ತನ್ನ ಜಡೆಯನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ದೂರ ನಿಂತಿದ್ದಳು. ಉಳಿದವರು ಹೇಳಿದ್ದನ್ನು ಕೇಳಿಕೊಂಡು ತುಳಿಯುವ ಮಂದಿ.

ನಾನೂ ನನ್ನ ಹೆಂಡತಿ ವತ್ಸಲೆಯೂ ಜೋಡಿಸೈಕಲ್ಲಿನವರು. ಎರಡು ಹಳೆಯ ಸೈಕಲ್ಲುಗಳನ್ನು ಕೊಯ್ದು ಬೆಸೆಸಿ ಮಾಡಿಸಿದ ಗಾಡಿ ಅದು. ಮುಂದೆ ಕುಳಿತವರ ಕೈಗೆ ತಿರುಗುವ ಹ್ಯಾಂಡಲ್, ಬ್ರೇಕು, ಗಂಟೆ. ಹಿಂದೆ ಕುಳಿತವರ ಕೈಗೆ ತಿರುಗದ ಹ್ಯಾಂಡಲ್ ಒಂದು, ಹಿಡಿದುಕೊಳ್ಳುವುದಕ್ಕೆ ಮಾತ್ರ. ಮುಂದೆ ನಾನು. ಪ್ರತಿ ಬೆಳಿಗ್ಗೆ ವತ್ಸಲೆ ಇಂದಾದರೂ ತಾನು ಮುಂದೆ ಕೂಡಬಹುದೇ ಎಂದು ಕೇಳುತ್ತಿದ್ದಳು. ನಾನು ಭಾರಕೇಂದ್ರವನ್ನೂ ತಿರುವಿನ ಕೋನವನ್ನೂ ವಿವರಿಸುತ್ತಿದ್ದೆ. ಅವಳು ಕೊನೆಯವರೆಗೂ ಕೇಳಿ, ಹೋಗಿ ಹಿಂದೆ ಕೂಡುತ್ತಿದ್ದಳು. ಅಂದು ಬೆಳಗಿನ ಜಾವ ಮಾತ್ರ ಅವಳು ಕೇಳಲಿಲ್ಲ. ಪೆಡಲಿನ ಮೇಲೆ ಕಾಲಿಡುತ್ತ ಹೇಳಿದಳು: "ಮನಿ ಬಿಟ್ಟ ಮ್ಯಾಲ ನಿಮ್ಮ ಅಂಗಿ ಬೆನ್ನಿನ ಹೊಲಿಗಿ ಬಿಟ್ಟು ನಾ ಬ್ಯಾರೆ ಏನೂ ನೋಡಿಲ್ಲರಿ. ಸಮುದ್ರ ಬಂದಾಗ ಒಂದು ಮಾತು ಹೇಳ್ರಿ, ಬಗ್ಗಿ ನೋಡ್ತೀನಿ."

ಹೊಲಿಗೆ ತನ್ನದೇ ಆದ್ದರಿಂದ ರಾಚಯ್ಯ ಅದು ನೋಡುವಂತೆಯೇ ಇದೆಯೆಂದು ಸಮಾಧಾನ ಹೇಳಿದ. ಅವಳು ನಗಲಿಲ್ಲ.

ನಾವು ತಂಗಬೇಕಾದ ಊರಿನ ಜಾಗದಲ್ಲಿ ಭೂಪಟದಲ್ಲಿ ಮಡಿಕೆಯ ಗೆರೆಯೊಂದು ಮಾತ್ರ ಇತ್ತು. ಬಿಸಿಲು ಏರುವ ಮುನ್ನವೇ ನಾವು ಅದರ ಮೂಡಣದ ಗಡಿಗಲ್ಲನ್ನು ದಾಟಿ, ದಿಬ್ಬ ಹತ್ತಿ, ಊರನ್ನು ಸೇರಿದೆವು. ಮೊದಲ ಮನೆಯ ಮಾಳಿಗೆಯ ಎತ್ತರದಲ್ಲಿ ಒಂದು ಎಮ್ಮೆ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಹೆಂಗಸೊಬ್ಬಳು ಕೊರಳ ಹಗ್ಗ ಜಗ್ಗಿ ಅದನ್ನು ನೆಲಕ್ಕೆ ಇಳಿಸಿ, ಅದಕ್ಕೆ ಎರಡು ಬೈಗುಳ ಬೈದು, ಚೆಂಬು ಹಿಡಿದು ಹಿಂಡಲು ಕುಳಿತಳು. ಮುಂದಿನ ಬೇವಿನ ಮರದ ಕೊಂಬೆಗೆ ಎರಡು ನಾಯಿಗಳನ್ನು ಕಟ್ಟಿದ್ದರು. ಅವು ಗಾಳಿಪಟಗಳಂತೆ ಹಗ್ಗದ ತುದಿಯಲ್ಲಿ ಮಲಗಿ ನಿದ್ರೆ ಮಾಡುತ್ತಿದ್ದವು. ನಾವು ತುಳಿಯುತ್ತಲೇ ಇದ್ದೆವು. ದಿಬ್ಬ ಹತ್ತಿದ ಸವಾರ ತನ್ನ ಕಣ್ಣನ್ನು ತಾನು ನಂಬುವುದಿಲ್ಲ. ಪಕ್ಕದವನಿಗೂ ಕಂಡಿತೇ ಎಂದು ಕೇಳಲು ಅವನಿಗೆ ಉಸಿರೂ ಇರುವುದಿಲ್ಲ.

ಧರ್ಮಶಾಲೆಯನ್ನು ನೋಡಿಕೊಳ್ಳುತ್ತಿದ್ದವಳು ಸೋಮವ್ವ ಎಂಬ ಎತ್ತರದ ಮುದುಕಿ. ಬಾಗಿಲಲ್ಲಿ ನಿಂತು ಅವಳು ನೀರು ಬೆಲ್ಲಕ್ಕೆ ಮೊದಲು ಒಂದು ಬುಟ್ಟಿಯನ್ನು ಮುಂದೆ ನೂಕಿದಳು. ಅದರ ತುಂಬ ಕಲ್ಲುಗಳು: ಸುಲಿದ ತೆಂಗಿನಕಾಯಿಗಿಂತ ತುಸು ದೊಡ್ಡವು, ತಲೆಮಾರುಗಳ ತೊಡೆಗಳ ಮೇಲೆ ಕುಳಿತು ನುಣುಪಾದವು. ಕೂಡುವ ಮೊದಲು ಒಬ್ಬೊಬ್ಬರೂ ಒಂದೊಂದು ತೊಡೆಗಲ್ಲು ತೆಗೆದುಕೊಳ್ಳಬೇಕೆಂದಳು.

ರಾಚಯ್ಯ ಕೈಮುಗಿದ. "ಯವ್ವಾ, ಅಂಗಿ ಗುಂಡಿ ಭಾರ ಆಕ್ಕಾವಂತ ಕಿತ್ತಿಟ್ಟು ಬಂದ ಮಂದಿ ನಾವು. ನಮಗ ಕಲ್ಲು ಕೊಡ್ತೀಯಲ್ಲ."

"ನಿಮ್ಮಿಷ್ಟಪ್ಪಾ," ಎಂದಳು ಸೋಮವ್ವ. "ಒಳಗ ಸೂರಿಗೆ ಕೌದಿ ಬಡದೈತಿ. ತಲಿಗೆ ಪೆಟ್ಟು ಹತ್ತಂಗಿಲ್ಲ."

ನಾವು ಒಳಗೆ ಹೋಗಿ ಮೇಲೆ ನೋಡಿದೆವು. ನಡುಮನೆಯ ಸೂರಿನುದ್ದಕ್ಕೂ ಬಣ್ಣಬಣ್ಣದ ತುಂಡುಬಟ್ಟೆಯ ಕೌದಿಗಳನ್ನು ಮೊಳೆ ಹೊಡೆದು ಕೂರಿಸಿದ್ದರು. ನೆಲದ ಮೇಲೆ ಹಾಸಿಗೆಯ ಗುರುತು ಇರಲಿಲ್ಲ. ಕೊಡುವ ಕೈಯನ್ನು ತಿರುಗಿಸಿ ಕಳಿಸಬಾರದೆಂದು ವತ್ಸಲೆಯೊಬ್ಬಳು ಒಂದು ಕಲ್ಲನ್ನು ಎತ್ತಿಕೊಂಡು, ಅದರ ನುಣುಪನ್ನು ಹೊಗಳಿ, ಸೋಮವ್ವನ ಸಂಗಡ ಅಡುಗೆಮನೆಗೆ ಹೋದಳು. ಉಳಿದ ನಾವು ಗೋಡೆಗೆ ಒರಗಿ ಕಾಲು ಚಾಚಿದೆವು. ಚಹಾ ಬಂತು. ಹುಸೇನಸಾಬರು ಬಸಿಯನ್ನು ಕೆಳಗಿಟ್ಟು, ಈ ಸುಖಕ್ಕೆ ಸಮನಾದದ್ದು ಜಗತ್ತಿನಲ್ಲಿ ಯಾವುದೂ ಇಲ್ಲವೆಂದು ಹೇಳುತ್ತ ಹೇಳುತ್ತ, ಕುಳಿತ ಭಂಗಿಯಲ್ಲಿಯೇ ಮೇಲಕ್ಕೆ ಹೋದರು. ಮಾತನ್ನು ಅವರು ನಿಲ್ಲಿಸಲಿಲ್ಲ. ತಲೆ ಕೌದಿಗೆ ತಗುಲಿದಾಗ ಮಾತ್ರ ಕೆಳಗೆ ನೋಡಿ, ನಾವೇಕೆ ಅಷ್ಟು ಕೆಳಗೆ ಕುಳಿತಿದ್ದೇವೆಂದು ವಿಚಾರಿಸಿದರು. ಅವರಿಗೆ ಉತ್ತರ ಕೊಡಲು ಬಾಯಿ ತೆರೆದ ಲೀನಾ ಉತ್ತರದೊಡನೆ ಅವರ ಪಕ್ಕಕ್ಕೇ ಹೋಗಿ ಸೇರಿದಳು. ರಾಚಯ್ಯ ತಂಡದ ಶಿಸ್ತು ಕೆಡಬಾರದೆಂದು ಎದ್ದುನಿಂತ. ಗಾಬರಿ ಇರುವಷ್ಟು ಹೊತ್ತು ಅವನ ಕಾಲು ನೆಲದ ಮೇಲೆಯೇ ಇದ್ದವು. ಆಮೇಲೆ, ಇವರು ಹೇಗೂ ಬೀಳುವುದಿಲ್ಲವೆಂದು ಖಾತ್ರಿಯಾಗಿ ಒಂದು ನಿಟ್ಟುಸಿರು ಬಿಟ್ಟ. ನಿಟ್ಟುಸಿರಿನ ಹಿಂದೆಯೇ ಅವನೂ ಹೋದ. ಅಲ್ಲಿಂದ ಮುಂದೆ ಸೂರಿನ ಕೆಳಗೆ ಸುಮಾರು ಹೊತ್ತು ನಗೆಯ ಹೊರತು ಬೇರೆ ಏನೂ ಕೇಳಿಸಲಿಲ್ಲ. ಒಬ್ಬರನ್ನೊಬ್ಬರು ಬೆರಳಿನಿಂದ ನೂಕಿದರೆ ಸಾಕು, ಗೋಡೆಯಿಂದ ಗೋಡೆಗೆ ತೇಲುತ್ತಿದ್ದರು.

ನಾನು ಏಳಲಿಲ್ಲ.

ಸೋಮವ್ವ ಹೊರಗೆ ಬಂದು ನನ್ನ ಸುತ್ತ ಒಂದು ಸಲ ತಿರುಗಿ, ಭುಜವನ್ನು ಬೆರಳಿನಿಂದ ಒತ್ತಿ ನೋಡಿದಳು. ಕೆಲಸ ಬಿಟ್ಟು ಹಗುರಾದವರನ್ನು ಈ ಊರಿನ ನೆಲ ಹಿಡಿಯುವುದಿಲ್ಲ, ತೊಡೆಯ ಮೇಲೆ ಕಲ್ಲಿಲ್ಲದೆ ಕುಳಿತೂ ನೆಲ ಬಿಡದವರನ್ನು ತಾನು ಈವರೆಗೆ ಕಂಡಿಲ್ಲವೆಂದು ಹೇಳಿ, ಇವರು ಒಳಗೊಳಗೆ ಯಾವ ಕೆಲಸ ಮಾಡುತ್ತಿದ್ದಾರೆಂದು ನನ್ನ ಹೆಂಡತಿಯನ್ನು ಕೇಳಿದಳು.

"ಮಗ್ಗಿ," ಎಂದಳು ವತ್ಸಲೆ. "ಸುಮ್ಮನ ಕೂತಾರಂತ ನಮಗ ಕಾಣ್ತದ ಅಷ್ಟ. ಒಳಗ ಗಿರಣಿ ನಡದಿರ್ತದ."

ಅದು ನಿಜವೇ ಆಗಿತ್ತು. ನಾನು ಹತ್ತೊಂಬತ್ತೂವರೆಯ ಮಗ್ಗಿಯ ನಡುವೆ ಇದ್ದೆ. ಸೋಮವ್ವ ನನ್ನನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಇಂಥವರು ಊರಲ್ಲಿ ಒಬ್ಬರಿದ್ದರೆ ಎಮ್ಮೆಗೆ ಗೂಟ ಹುಡುಕುವ ಕೆಲಸ ತಪ್ಪುತ್ತಿತ್ತು ಎಂದಳು. ಆ ಮಾತನ್ನು ತಂಡದವರು ಬಿಡಲಿಲ್ಲ. ಅವರಿಗೆ ಊರು ನೋಡಬೇಕಾಗಿತ್ತು. ಕಲ್ಲನ್ನು ಹೊತ್ತು ನೋಡಲು ಮನಸ್ಸಿರಲಿಲ್ಲ. ಹಗ್ಗ ತರಿಸಿ ಒಬ್ಬೊಬ್ಬರ ಸೊಂಟಕ್ಕೂ ಒಂದೊಂದು ಎಳೆ ಕಟ್ಟಿ, ಎಲ್ಲ ಎಳೆಗಳ ತುದಿಯನ್ನು ನನ್ನ ಸೊಂಟಕ್ಕೆ ಬಿಗಿದರು. ನಾನು ಪ್ರತಿಭಟಿಸಿದೆ. ಗೂಟದ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲವೆಂದು ಹುಸೇನಸಾಬರು ಸೂರಿನಿಂದ ಹೇಳಿದರು.

ಹೀಗೆ ನಾನು ತಲೆಯ ಮೇಲೆ ಒಂದು ಸೈಕಲ್ ತಂಡವನ್ನು ಹಾರಿಸಿಕೊಂಡು ಆ ಊರಿನ ಬೀದಿಗಳಲ್ಲಿ ನಡೆದೆ. ಜನ ನಮ್ಮನ್ನು ವಿಶೇಷವಾಗಿ ನೋಡಲಿಲ್ಲ. ಅವರ ಬದುಕು ಅವರಿಗೆ ಸಾಕಾಗಿತ್ತು. ಕ್ಷೌರದ ಅಂಗಡಿಯಲ್ಲಿ ಗಿರಾಕಿಯನ್ನು ಎತ್ತಿನ ಮಿಣಿಯಿಂದ ಕುರ್ಚಿಗೆ ಕಟ್ಟಿ ಗಡ್ಡ ಹೆರೆಯುತ್ತಿದ್ದರು. ಗುಡಿಯ ಮುಂದೆ ಧ್ಯಾನಕ್ಕೆ ಕುಳಿತವರು ನೆಲದ ಕಬ್ಬಿಣದ ಬಳೆಗಳಲ್ಲಿ ಕಾಲ್ಬೆರಳು ಸಿಕ್ಕಿಸಿಕೊಂಡಿದ್ದರು. ಭಕ್ತಿ ಹೆಚ್ಚಿದವರ ಬೆನ್ನು ಆಗಾಗ ಕಮಾನಿನಂತೆ ಮೇಲೇಳುತ್ತಿತ್ತು. ಕಟ್ಟೆಯ ಮೇಲಿನ ಮುದುಕರು ತೊಡೆಗಲ್ಲುಗಳನ್ನು ಮೊಮ್ಮಕ್ಕಳಂತೆ ತಬ್ಬಿ ಹರಟುತ್ತಿದ್ದರು. ಹರಟೆ ಜಗಳಕ್ಕೆ ತಿರುಗಿದಾಗ ಕಲ್ಲನ್ನು ಪಕ್ಕಕ್ಕಿಡುತ್ತಿದ್ದರು, ಏಕೆಂದರೆ ಸಿಟ್ಟಿಗೆ ಅದರದೇ ತೂಕ ಇರುತ್ತದೆ. ರಾಜಿಯಾದಾಗ ಮತ್ತೆ ಅವಸರದಿಂದ ಎತ್ತಿಕೊಳ್ಳುತ್ತಿದ್ದರು. ಶಾಲೆಯ ಮುಂದೆ ನಾನು ಸ್ವಲ್ಪ ನಿಂತೆ. ಚಿತ್ರಕಲೆಯ ತರಗತಿಯಲ್ಲಿ ಹುಡುಗರೆಲ್ಲರ ಮಡಿಲಲ್ಲೂ ಕಲ್ಲುಗಳಿದ್ದವು. ಪಕ್ಕದ ಗಣಿತದ ತರಗತಿಯಲ್ಲಿ ಕಲ್ಲುಗಳನ್ನು ಮೂಲೆಗೆ ಪೇರಿಸಿಟ್ಟಿದ್ದರು.

ತಲೆಯ ಮೇಲೆ ನಡೆಯುತ್ತಿದ್ದದ್ದನ್ನು ಶಿಸ್ತೆಂದು ಕರೆಯಲಾರೆ. ಲೀನಾ ಗಾಳಿಯಲ್ಲಿ ಲಾಗ ಹೊಡೆಯಲು ಹೋದರೆ ಅದು ಕೆಲಸವಾಗಿ ಕೆಳಗಿಳಿಯುತ್ತಿದ್ದಳು. ಸಾಕೆಂದು ಬಿಟ್ಟರೆ ಮೇಲೇರುತ್ತಿದ್ದಳು. ಈ ಏರಿಳಿತವೇ ಅವಳಿಗೆ ಆಟವಾಯಿತು. ಹುಸೇನಸಾಬರು ಹೊಟ್ಟೆ ಮೇಲೆ ಮಾಡಿ ನಿದ್ರೆ ಹೋದರು. ಒಂದು ಕಾಗೆ ಬಂದು ಆ ಹೊಟ್ಟೆಯ ಮೇಲೆ ಕುಳಿತು ಊರನ್ನು ಅವಲೋಕಿಸಿತು. ರಾಚಯ್ಯ ತನ್ನ ಸಿದ್ಧಾಂತ ಸಿದ್ಧವಾಯಿತೆಂದೂ, ಗುಂಡಿಗಳನ್ನು ಕಿತ್ತದ್ದು ಈಗ ಫಲ ಕೊಟ್ಟಿತೆಂದೂ ದಾರಿಹೋಕರಿಗೆಲ್ಲ ಮೇಲಿನಿಂದ ಸಾರಿದ. ಮಧ್ಯಾಹ್ನ ಖಾನಾವಳಿಯ ಬಾಗಿಲಿಗೆ ಬಂದಾಗ ಇವರನ್ನು ಒಳಗೆ ಸೇರಿಸುವುದು ಹೇಗೆಂಬ ಪ್ರಶ್ನೆ ಎದ್ದಿತು. ನಾನು ತಲೆಯೆತ್ತಿ, ಇಪ್ಪತ್ತಮೂರನ್ನು ಹದಿನಾರರಿಂದ ಗುಣಿಸಿದರೆ ಎಷ್ಟೆಂದು ಕೇಳಿದೆ. ನಗೆ ನಿಂತಿತು. ತಂಡವು ಒಟ್ಟಾಗಿ, ಬಾಡಿದ ಮುಖದೊಡನೆ, ನೇರವಾಗಿ ನೆಲಕ್ಕಿಳಿಯಿತು. ನನ್ನ ವಿಷಯದ ಪರಿಣಾಮವನ್ನು ಶಾಲೆಯಲ್ಲಿದ್ದಾಗ ನಾನು ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಖಾನಾವಳಿಯವನು ಹೊರಗೆ ಬಂದು, ಇದೇ ಲೆಕ್ಕವನ್ನು ತನ್ನ ಎಮ್ಮೆಗೂ ಹೇಳಲು ಆಗುತ್ತದೆಯೇ ಎಂದು ವಿನಯದಿಂದ ಕೇಳಿದ.

ನನ್ನ ಗಂಟಲಲ್ಲಿ ಏನೋ ತುರಿಸಿದಂತಾಯಿತು. ನಗೆ ಇರಬಹುದೆಂದು ಅನುಮಾನ ಬಂದು ನೀರು ಕುಡಿದೆ.

ಊಟವಾದ ಮೇಲೆ ತಂಡವನ್ನು ಚಾವಡಿಯ ಕಲ್ಲುಕಂಬಕ್ಕೆ ಕಟ್ಟಿ ನಾನೂ ಕಟ್ಟೆಯ ಮೇಲೆ ಕುಳಿತೆ. ಬಿಸಿಲು ಹಳದಿಗೆ ತಿರುಗುತ್ತಿದ್ದಾಗ ಸೋಮವ್ವ ಬಂದಳು. ಅವಳ ನಡಿಗೆಯಲ್ಲಿ ಅವಸರವಿತ್ತು.

"ಮಾಸ್ತರ, ನಿಮ್ಮ ಮನಿಯವರು ಕಲ್ಲು ಕೆಳಗಿಟ್ಟರು."

ಅವಳು ಎಲ್ಲಿದ್ದಾಳೆಂದು ಕೇಳಿದೆ. ಸೋಮವ್ವ ಬೆರಳನ್ನು ಮೇಲಕ್ಕೆ ತೋರಿಸಿದಳು.

ನಡೆದದ್ದು ಇಷ್ಟು. ಅಡುಗೆಮನೆಯ ಕೆಲಸ ಮುಗಿದ ಮೇಲೆ ಹೆಂಗಸರು ಬಾವಿಯ ಹತ್ತಿರ ಹುಣಸೆಮರದ ಕೆಳಗೆ ಕುಳಿತು ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು. ವತ್ಸಲೆಯ ತಲೆಗೂ ಎಣ್ಣೆ ಹಚ್ಚಿದರು. ಬೇರೆಯವರ ಕೈಯಲ್ಲಿ ತಲೆ ಕೊಟ್ಟು ಕೂಡುವುದು ಅವಳಿಗೆ ತವರಿನ ದಿನಗಳ ನಂತರ ಅದೇ ಮೊದಲಂತೆ. ಬಾಚಿ ಮುಗಿಯುವ ಮುನ್ನ ಅವಳು ತೊಡೆಯ ಕಲ್ಲನ್ನು ಎರಡೂ ಕೈಯಿಂದ ಎತ್ತಿ, ನಿದ್ದೆಹೋದ ಕೂಸನ್ನು ಇಡುವಂತೆ ಕಟ್ಟೆಯ ಮೇಲಿಟ್ಟಳು. ಯಾರಾದರೂ ಸೆರಗು ಹಿಡಿಯೋಣವೆಂದರೆ ಅವಳಿಗೆ ಸೆರಗಿರಲಿಲ್ಲ. ಈ ಪ್ರವಾಸಕ್ಕೆಂದು ಚೂಡಿದಾರ ಹೊಲಿಸಿಕೊಂಡಿದ್ದಳು. ನಾನು ಬಾವಿಯ ಹತ್ತಿರ ಓಡಿಬಂದಾಗ ಅವಳು ಹುಣಸೆಮರದ ತುದಿಯನ್ನು ದಾಟಿಯಾಗಿತ್ತು. ಕಟ್ಟದ ಕೂದಲು, ಬಿಚ್ಚಿದ ದುಪಟ್ಟಾ. ಅವಳು ಸಾವಕಾಶವಾಗಿ ಏರುತ್ತಿದ್ದಳು, ಏರುತ್ತ ಪಡುವಣಕ್ಕೆ ಸರಿಯುತ್ತಿದ್ದಳು.

ಸೋಮವ್ವ ಈಗ ನಗುತ್ತಿರಲಿಲ್ಲ. ಸಂಜೆಯ ಗಾಳಿ ಎದ್ದಿತೆಂದರೆ ಪಡುವಣದ ಗಡಿಗೇ ಬೀಸುತ್ತದೆ ಎಂದಳು. ಗಡಿಗಲ್ಲಿನ ಆಚೆ ಆಕಾಶ ಯಾರನ್ನೂ ಹಿಡಿಯುವುದಿಲ್ಲ. ಹಿಂದೊಮ್ಮೆ ಮಲಗಿದ್ದ ಟಗರೊಂದು ಹಗ್ಗ ಹರಿದುಕೊಂಡು ಹಾಗೆ ತೇಲಿಹೋಗಿ, ಕಲ್ಲಿನ ನೇರಕ್ಕೆ ಬಂದೊಡನೆ ಕೆಳಗಿನ ಕೊರಕಲಿಗೆ ಬಿದ್ದಿತ್ತು. ಹಗ್ಗ ಎಸೆದರೆ ಅಷ್ಟು ಎತ್ತರ ಮುಟ್ಟುವುದಿಲ್ಲ. ಹೀಗೆ ಹೋದವರನ್ನು ಇಳಿಸಲು ಊರಿನವರಿಗೆ ಗೊತ್ತಿದ್ದ ಉಪಾಯ ಒಂದೇ: ಅರ್ಧ ಬಿಟ್ಟುಬಂದ ಕೆಲಸವೊಂದನ್ನು ನೆನಪು ಮಾಡಿಕೊಡುವುದು. ಒಲೆಯ ಮೇಲೆ ಹಾಲಿಟ್ಟಿದ್ದೀಯೆಂದು ಕೂಗಿದರೆ ಈ ಊರಿನ ಯಾವ ಹೆಂಗಸಾದರೂ ಕ್ಷಣದಲ್ಲಿ ನೆಲದ ಮೇಲಿರುತ್ತಾಳಂತೆ.

"ವತ್ಸಲಾ," ಎಂದು ನಾನು ಕೂಗಿದೆ, "ಮನಿಗೆ ಕೀಲಿ ಹಾಕಿಯೇನು?"

"ಹಾಕೇನಿ. ಜಗ್ಗಿ ನೋಡೇನಿ."

ಗ್ಯಾಸು ಬಂದ್ ಮಾಡಿದ್ದಾಳೆಯೇ ಎಂದು ಕೇಳಿದೆ. ಮಾಡಿದ್ದಳು. ತುಳಸಿಗೆ ನೀರು? ಪಕ್ಕದ ಮನೆಯವರಿಗೆ ಒಪ್ಪಿಸಿದ್ದಳು. ಉಪ್ಪಿನಕಾಯಿಯ ಭರಣಿಯ ಬಾಯಿಗೆ ಅರಿವೆ ಕಟ್ಟಿದ್ದಳು, ಹಾಲಿನವನಿಗೆ ಬರಬೇಡವೆಂದು ಹೇಳಿದ್ದಳು, ನನ್ನ ಮಾತ್ರೆಗಳನ್ನು ಸಮುದ್ರದಿಂದ ಮರಳಿ ಬರುವವರೆಗೂ ಆಗುವಷ್ಟು ಕಟ್ಟಿಟ್ಟಿದ್ದಳು. ಒಂದೊಂದು ಉತ್ತರವೂ ಹಿಂದಿನದಕ್ಕಿಂತ ಎತ್ತರದಿಂದ ಬರುತ್ತಿತ್ತು. ಅವಳು ಯಾವ ಕೆಲಸವನ್ನೂ ಅರೆಬರೆ ಬಿಟ್ಟವಳಲ್ಲ. ಅದನ್ನು ನಾನು ಆ ಸಂಜೆಯವರೆಗೆ ಒಳ್ಳೆಯ ಗುಣವೆಂದು ತಿಳಿದಿದ್ದೆ.

ಹುಣಸೆಯ ಎಲೆಗಳು ಅಲುಗಾಡಿದವು. ಗಾಳಿ ಎದ್ದಿತು. ಚಾವಡಿಯ ಕಂಬಕ್ಕೆ ಕಟ್ಟಿದ ತಂಡವೂ ಆಕಾಶ ನೋಡಿ ಗಾಬರಿಯಾಗಿ ನೆಲಕ್ಕಿಳಿದು, ಹಗ್ಗ ಬಿಚ್ಚಿಕೊಂಡು ಓಡಿಬಂದಿತ್ತು. ಲೆಕ್ಕ ಕೇಳ್ರಿ ಮಾಸ್ತರ, ಲೆಕ್ಕ ಕೇಳ್ರಿ, ಎಂದು ರಾಚಯ್ಯ ನನ್ನ ತೋಳು ಹಿಡಿದು ಅಲುಗಿಸಿದ. ನಾನು ಎದೆಯ ತುಂಬ ಉಸಿರು ತೆಗೆದುಕೊಂಡು, ಮೂರನೆಯ ಬೆಂಚಿನ ಹಿಂದಿನವರಿಗೂ ಕೇಳಿಸುವ ಧ್ವನಿಯಲ್ಲಿ ಕೇಳಿದೆ:

"ಹದಿನೇಳು ಹದಿಮೂರಲ ಎಷ್ಟು?"

ಬಾವಿಕಟ್ಟೆಯ ಹೆಂಗಸರು ತೊಡೆಗಲ್ಲು ಬಿಟ್ಟು ಬೆರಳೆಣಿಸತೊಡಗಿದರು. ಆಮೇಲೆ ಆಕಾಶದಿಂದ ಅವಳ ಧ್ವನಿ ಬಂತು.

"ಇನ್ನೂರಾ ಐವತ್ತು ಇರಬೇಕು. ಇರಲಿ ಬಿಡ್ರಿ. ಇಲ್ಲಿಂದ ದಾರಿ ಕಾಣ್ತದ."

ಹೇಳಿ ನಕ್ಕಳು. ನಾನು ಅವಳ ಆ ನಗೆಯನ್ನು ಮರೆತಿದ್ದೆನೆಂದು ಕೇಳಿದಾಗ ತಿಳಿಯಿತು.

ಉತ್ತರ ಇನ್ನೂರ ಇಪ್ಪತ್ತೊಂದು. ಅದು ನನ್ನ ನಾಲಗೆಯ ತುದಿಗೆ ಬಂದಿತ್ತು. ತಪ್ಪು ಉತ್ತರವೊಂದು ನನ್ನ ಎದುರಿಗೆ ಹಾಯ್ದುಹೋಗಲು ನಾನು ಎಂದೂ ಬಿಟ್ಟಿಲ್ಲ. ಮದುವೆಯ ಊಟದಲ್ಲಿ, ಸ್ಮಶಾನದ ದಾರಿಯಲ್ಲಿ ಕೂಡ ಬಿಟ್ಟಿಲ್ಲ. ಹೇಳಿದರೆ ಅವಳು ಹೌದು ಎನ್ನುತ್ತಾಳೆ, ಎಂದಿನಂತೆ ಕೊನೆಯವರೆಗೂ ಕೇಳಿಕೊಳ್ಳುತ್ತಾಳೆ. ಆದರೆ ಮುಖ ಈಚೆಗೆ ತಿರುಗುವುದಿಲ್ಲ. ಅಷ್ಟು ದೂರದಿಂದಲೂ ನನಗೆ ಕಾಣುತ್ತಿತ್ತು, ಆ ಮುಖ ದಾರಿಯ ಕಡೆಗಿತ್ತು. ಅಷ್ಟು ಹೊಳಪು ಬಂದಿದ್ದ ಮುಖದೆದುರು ಇನ್ನೂರ ಇಪ್ಪತ್ತೊಂದನ್ನು ಇಟ್ಟು ನಾನು ಮಾಡುವುದೇನೆಂದು ನನಗೆ ತಿಳಿಯಲಿಲ್ಲ. ಅದನ್ನು ನುಂಗಿದೆ. ಇನ್ನೂರಾ ಐವತ್ತು ತಿದ್ದುವವರಿಲ್ಲದೆ ಹಾಗೆಯೇ ಗಾಳಿಯಲ್ಲಿ ಉಳಿಯಿತು. ಒಳಗಿನ ಮಗ್ಗಿ ನಿಂತಿತು. ಅದು ನಿಂತಮೇಲೆ ಅಷ್ಟು ಸದ್ದು ಮಾಡುತ್ತಿತ್ತೆಂದು ಗೊತ್ತಾಯಿತು.

ಬಾವಿಕಟ್ಟೆ ಏಕೆ ಕುಸಿಯುತ್ತಿದೆಯೆಂದು ನಾನು ಮೊದಲು ಆಶ್ಚರ್ಯಪಟ್ಟೆ. ರಾಚಯ್ಯನ ತಲೆ ನನ್ನ ಮೊಣಕಾಲಿಗೆ ಬಂತು, ಆಮೇಲೆ ಪಾದಕ್ಕೆ. ಕೆಳಗೆ ಹುಸೇನಸಾಬರು ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ಗೂಟ ಕಿತಗೊಂಡು ಹೊಂಟಿತಲ್ಲಪಾ."

ನಾನು ಹುಣಸೆಯ ಕೊಂಬೆಗಳ ನಡುವೆ ಹಾಯ್ದೆ. ಒಂದು ಚಪ್ಪಲಿ ಅಲ್ಲಿಯೇ ಸಿಕ್ಕಿಕೊಂಡಿತು, ಅದನ್ನು ಬಿಡಿಸಿಕೊಳ್ಳಬೇಕೆಂದು ಅನಿಸಲಿಲ್ಲ. ಗುಬ್ಬಿಯೊಂದು ನನ್ನನ್ನು ನೋಡಿ ದಾರಿ ಬಿಟ್ಟಿತು. ಊರಿನ ಮಾಳಿಗೆಗಳು, ಮಾಳಿಗೆಗಳ ಮೇಲೆ ಒಣಹಾಕಿದ ಮೆಣಸಿನಕಾಯಿ, ಕೈಮೇಲೆ ಮಾಡಿದ ಜನ, ಎಲ್ಲವೂ ತಟ್ಟೆಯಲ್ಲಿ ಬಡಿಸಿಟ್ಟಂತೆ ಕಂಡವು. ಗಂಟಲಿನ ತುರಿಕೆ ಮತ್ತೆ ಬಂತು. ಸುತ್ತ ನೀರು ಇರಲಿಲ್ಲ. ನಾನು ನಕ್ಕೆ. ನಕ್ಕಷ್ಟೂ ಬೇಗ ಏರಿದೆ; ಬೇಗ ಏರಿದಷ್ಟೂ ನಗೆ ಬಂತು. ಇವೆರಡರ ಪ್ರಮಾಣವನ್ನು ನಾನು ಗಮನಿಸಬಹುದಿತ್ತು, ಗಮನಿಸಲಿಲ್ಲ.

ವತ್ಸಲೆ ಗಾಳಿಯಲ್ಲಿ ಕಾಲು ಮಡಚಿ ಕುಳಿತಿದ್ದಳು. ನನ್ನನ್ನು ಕಂಡು ಜಾಗ ಮಾಡಿಕೊಡುವವಳಂತೆ ತುಸು ಸರಿದಳು.

"ನೀವು ಹ್ಯಾಂಗ ಬಂದ್ರಿ?"

ಗೊತ್ತಿಲ್ಲವೆಂದೆ. ಅವಳು ನನ್ನ ಮುಖವನ್ನು ಪರೀಕ್ಷಿಸಿ, ಜ್ವರ ಬಂದಿಲ್ಲವಷ್ಟೇ ಎಂದು ಕೇಳಿದಳು. ಆಮೇಲೆ ಕೈಚಾಚಿ ತೋರಿಸಿದಳು. ನಾಳೆಯ ದಾರಿ ಊರಿನಿಂದ ಹೊರಟು, ತಿರುತಿರುಗಿ, ಗಡಿಗಲ್ಲಿನ ಪಕ್ಕದಲ್ಲಿ ಹಾಯ್ದು, ಜೋಳದ ಹೊಲಗಳ ನಡುವೆ ಇಳಿಯುತ್ತ ಇಳಿಯುತ್ತ ಹೋಗಿತ್ತು. ನಾನು ಅದನ್ನು ಏರೆಂದು ಲೆಕ್ಕ ಹಾಕಿದ್ದೆ. ಬಹಳ ದೂರದಲ್ಲಿ, ನೆಲವೂ ಮುಗಿದು ಆಕಾಶವೂ ಶುರುವಾಗದ ಕಡೆ ಒಂದು ಹೊಳೆಯುವ ಗೆರೆಯಿತ್ತು. ಅದು ಸಮುದ್ರವೋ ಮೋಡವೋ ಎಂದು ನಾವಿಬ್ಬರೂ ಬಗ್ಗದೆ ನೋಡಿದೆವು.

ನೋಡುತ್ತಿದ್ದಂತೆ ಗಡಿಗಲ್ಲು ಹತ್ತಿರವಾಯಿತು. ಸುಣ್ಣ ಬಳಿದ ಬಿಳಿಯ ಕಲ್ಲು, ಅದರಾಚೆ ಕೊರಕಲು, ಕೊರಕಲಿನ ತುಂಬ ಜಾಲಿ. ನನಗೆ ಹೆದರಿಕೆ ಆಗಬೇಕಾಗಿತ್ತು, ಹೆದರಿಕೆಯಿಂದ ಭಾರ ಬರಬೇಕಾಗಿತ್ತು. ಆದರೆ ಗಾಳಿ ಬೆನ್ನಿಗೆ ಹಿತವಾಗಿತ್ತು. ಕೆಳಗೆ ಹೋಗಬೇಕು ಎಂದು ನಾನು ಹೇಳಿದ ಧ್ವನಿ ನನಗೇ ಸಾಕಷ್ಟು ಖಾತ್ರಿಯಾಗಿ ಕೇಳಿಸಲಿಲ್ಲ.

"ಎದಕ್ಕ?" ಎಂದಳು ಅವಳು. "ಕೆಳಗ ಹೋದರ ಮತ್ತ ಅದ ಅಂಗಿ, ಅದ ಹೊಲಿಗಿ."

"ನಾಳೆ ನೀ ಮುಂದ ಕೂಡು."

"ಭಾರಕೇಂದ್ರ?"

"ಅದಕ್ಕ ಎಲ್ಲಿ ಬೇಕೋ ಅಲ್ಲಿ ಇರಲಿ."

ಅವಳು ನನ್ನ ಕಡೆ ಪೂರ್ತಿ ತಿರುಗಿದಳು. ಕೆಳಗೆ ಜನ ಓಡುತ್ತ, ಬೊಬ್ಬೆ ಹಾಕುತ್ತ ನಮ್ಮ ನೆರಳಿನ ಹಿಂದೆ ಬರುತ್ತಿದ್ದರು. ಅವಳಿಗೆ ಅವಸರವಿರಲಿಲ್ಲ.

"ನಾಳೆ ಒಂದ ದಿನಾನೋ, ಸಮುದ್ರದ ತನಕಾನೋ?"

"ಸಮುದ್ರದ ತನಕ."

"ಗಂಟಿನೂ ನಾನ ಬಾರಸಾಕಿ."

"ನೀನ ಬಾರಸು."

ಅವಳು ಮತ್ತೆ ದಾರಿಯ ಕಡೆ ನೋಡಿದಳು. ಈ ಸಲದ ನೋಟ ಬೇರೆಯಾಗಿತ್ತು, ಹುಬ್ಬು ಗಂಟಾಗಿದ್ದವು. ಆ ಎರಡನೆಯ ತಿರುವಿನಲ್ಲಿ ಮರಳು ಬಿದ್ದಂತಿದೆ ಎಂದಳು. ಹಿಂದಿನ ಬ್ರೇಕನ್ನು ಮೊದಲು ಹಿಡಿಯಬೇಕೋ ಮುಂದಿನದನ್ನೋ ಎಂದು ಕೇಳಿದಳು. ಹಿಂದಿನದನ್ನು ಎಂದು ನಾನು ಹೇಳುವಷ್ಟರಲ್ಲಿ ಅವಳು ನನ್ನ ಸೊಂಟದ ಮಟ್ಟಕ್ಕೆ ಇಳಿದಿದ್ದಳು. ಎದುರಿನಿಂದ ಎತ್ತಿನ ಗಾಡಿ ಬಂದರೆ ಯಾವ ಬದಿಗೆ ಹೋಗಬೇಕು, ಹುಸೇನಸಾಬರು ಅಡ್ಡಾದಿಡ್ಡಿ ಹೊಡೆಯುತ್ತಾರಲ್ಲ ಅವರಿಂದ ಎಷ್ಟು ದೂರ ಇರಬೇಕು, ಎನ್ನುತ್ತ ಎನ್ನುತ್ತ ಅವಳು ಕೆಳಗೆ ಹೋಗತೊಡಗಿದಳು. ಹ್ಯಾಂಡಲ್ ಕೈಬಿಟ್ಟ ನಾನು ಇನ್ನೂ ಮೇಲಕ್ಕೆ ಹೊರಟಿದ್ದೆ. ಅವಳು ತಲೆಯೆತ್ತಿ, ಚಪ್ಪಲಿಯಿಲ್ಲದ ನನ್ನ ಕಾಲನ್ನು ಹಿಡಿದು ಜಗ್ಗಿದಳು.

ನಾವು ಊರಿನ ಕೊನೆಯ ಮನೆಯ ಮಾಳಿಗೆಯ ಮೇಲೆ ಇಳಿದೆವು. ಸರಿಯಾಗಿ ಹೇಳಬೇಕೆಂದರೆ ಅವಳು ಮೆಣಸಿನಕಾಯಿಯ ರಾಶಿಯಲ್ಲಿ ಇಳಿದಳು, ನಾನು ಅವಳ ಕೈಯ ತುದಿಯಲ್ಲಿ ಪಟದಂತೆ ಉಳಿದೆ. ಗಡಿಗಲ್ಲು ಅಲ್ಲಿಂದ ಒಂದು ಕೂಗಿನಷ್ಟು ದೂರ. ಮನೆಯಾಕೆ ಏಣಿ ಹತ್ತಿ ಬಂದು, ಆಕಾಶದಲ್ಲಿ ಅಷ್ಟು ಜಾಗವಿರುವಾಗ ತನ್ನ ಮೆಣಸಿನಕಾಯಿಯೇ ಬೇಕಾಗಿತ್ತೇ ಎಂದು ಬೈದಳು. ಜಜ್ಜಿದ್ದನ್ನೂ ಗಟ್ಟಿಯಿದ್ದದ್ದನ್ನೂ ಬೇರೆ ಮಾಡಿಕೊಡುವ ಕೆಲಸ ನಮಗೆ ಬಿತ್ತು. ಆ ಕೆಲಸ ಇರುವಷ್ಟು ಹೊತ್ತು ನಾನು ನೆಲದ ಮೇಲಿದ್ದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಖಾರ ಸಾಕಷ್ಟು ಕಾರಣವಾಗಿತ್ತು, ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಸೂರಿನ ಕೌದಿಯಿಂದ ನನ್ನನ್ನು ಬಿದಿರಿನ ದೋಟಿಯಿಂದ ಇಳಿಸಬೇಕಾಯಿತು. ಬಾಗಿಲಲ್ಲಿ ಸೋಮವ್ವ ಮತ್ತೆ ಬುಟ್ಟಿ ತಂದಿದ್ದಳು. ಗಡಿಯವರೆಗೆ ಇಳಿಜಾರು, ತುಳಿಯುವ ಕೆಲಸವಿಲ್ಲ. ಕಲ್ಲಿಟ್ಟುಕೊಂಡು ಹೋಗಿ ಗಡಿಗಲ್ಲಿನ ಹತ್ತಿರ ಇಳಿಸಿಹೋಗುವುದು ಊರಿನ ಪದ್ಧತಿ. ರಾಚಯ್ಯ ಯಾರೂ ಹೇಳುವ ಮುನ್ನವೇ ಎರಡು ಕಲ್ಲು ಎತ್ತಿಕೊಂಡು, ಒಂದನ್ನು ಹ್ಯಾಂಡಲಿಗೂ ಒಂದನ್ನು ಕೊರಳಿಗೂ ಕಟ್ಟಿದ. ಅವನ ಸಿದ್ಧಾಂತದ ಕ್ಷೇಮಸಮಾಚಾರವನ್ನು ಹುಸೇನಸಾಬರು ವಿಚಾರಿಸಿದರು. ಸೋಮವ್ವ ಒಂದು ಕಲ್ಲನ್ನು ನನ್ನ ಕಡೆ ಚಾಚಿದಳು.

ಮುಂದಿನ ಸೀಟಿನಿಂದ ವತ್ಸಲೆ ಕೈ ಅಡ್ಡಮಾಡಿದಳು. "ಅವರಿಗೆ ಬ್ಯಾಡವ್ವ. ಭಾರ ಆಗ್ತದ. ಇಳಿಜಾರಿದ್ದರೇನು, ಹಿಂದ ಕೂತು ತುಳೀತಾರ. ಕೆಲಸ ಬಿಟ್ಟು ಕೂಡೋ ಪೈಕಿ ಅಲ್ಲ ಅವರು."

ನಾನು ಹಿಂದೆ ಕುಳಿತು ತಿರುಗದ ಹ್ಯಾಂಡಲನ್ನು ಹಿಡಿದೆ. ವತ್ಸಲೆ ಅಗತ್ಯಕ್ಕಿಂತ ಹೆಚ್ಚು ಸಲ ಗಂಟೆ ಬಾರಿಸಿ ಗಾಡಿ ಬಿಟ್ಟಳು. ಮೊದಲು ತುಸು ವಾಲಿತು, ಒಂದು ಕೋಳಿ ಹೌಹಾರಿತು, ಆಮೇಲೆ ನೆಟ್ಟಗಾಯಿತು. ದಾರಿ ಇಳಿಯತೊಡಗಿತು. ನನ್ನ ಎದುರಿಗೆ ಅವಳ ಬೆನ್ನು, ಬೆನ್ನಿನ ಹೊಲಿಗೆ, ಎಣ್ಣೆಯ ವಾಸನೆಯ ಜಡೆ. ಹೊಲಿಗೆಯನ್ನು ಎಣಿಸಲು ಶುರುಮಾಡಿ ಬಿಟ್ಟುಬಿಟ್ಟೆ. ಗಾಳಿ ಕಿವಿಯಲ್ಲಿ ಹಾಡಿತು. ಎರಡನೆಯ ತಿರುವಿನ ಮರಳನ್ನು ಅವಳು ಹಿಂದಿನ ಬ್ರೇಕು ಹಿಡಿದು ಜೋಪಾನವಾಗಿ ದಾಟಿಸಿದಳು. ಮುಂದೆ ಬಿಳಿಯ ಗಡಿಗಲ್ಲು ಕಾಣಿಸುತ್ತಿತ್ತು. ಅಲ್ಲಿಯವರೆಗೆ ದಾರಿ ನೆಟ್ಟಗಿತ್ತು.

"ಹಿಂದ ತುಳೀಲಿಕ್ಕತ್ತೀರಿಲ್ಲೋ?" ಎಂದು ಅವಳು ತಿರುಗದೆ ಕೇಳಿದಳು.

ನನ್ನ ಎರಡೂ ಕಾಲು ಪೆಡಲಿನಿಂದ ಬೇರೆಯಾಗಿದ್ದವು. ಸೀಟು ನನಗಿಂತ ಒಂದು ಗೇಣು ಕೆಳಗಿತ್ತು.

"ತುಳೀಲಿಕ್ಕತ್ತೇನಿ," ಎಂದೆ.